ಒದ್ದೆ ಹುರಿ

"ಬೇಲಿನ ಹುರಿಗೆ ಯಾರಾದ್ರೂ ಕತ್ತಿ ಹಾಕಿದ್ರೆ ನೋಡಿ ಮತ್ತೆ!"

ಜಾರಿ ಬಿದ್ದ ನಾರಿನ ಬೇಲಿನ ಅಡಿಯಲ್ಲಿ ಸಿಕುದಾನಿಯ ಬಲಗೈ ಸಿಕ್ಕಿಕೊಂಡಾಗ ಮೇಸ್ತ್ರಿ ಚಾಂಬೋನ ಬಾಯಿಂದ ಬಂದ ಮೊದಲ ಮಾತು ಇದು. ಕೈ ಯಾರದು ಎಂದು ಅವನು ಕೇಳಲಿಲ್ಲ. ಇದೆಯೋ ಹೋಯಿತೋ ಎಂದೂ ಕೇಳಲಿಲ್ಲ.

ಟಾಂಗಾ ಬಂದರಿನ ಹಿಂದಣ ಬಯಲಿನಲ್ಲಿ ಕಣ್ಣು ಹಾಯುವಷ್ಟೂ ಕತ್ತಾಳೆ, ಸಾಲು ಸಾಲಾಗಿ ಈಟಿ ನೆಟ್ಟ ಹಾಗೆ. ಅದರ ಎಲೆ ಕೊಯ್ದು, ನಾರು ತೆಗೆದು, ತೊಳೆದು, ಒಣಗಿಸಿ, ಒತ್ತುಯಂತ್ರಕ್ಕೆ ಹಾಕಿ ಬೇಲು ಎಂಬ ದೊಡ್ಡ ಪಿಂಡಿ ಮಾಡುವ ಶೆಡ್ಡಿನಲ್ಲಿ ಸಿಕುದಾನಿಗೆ ಕೆಲಸ. ಬೇಲನ್ನು ಹುರಿಯಿಂದ ಬಿಗಿಯುವುದು. ಆ ಹುರಿಯೂ ಕತ್ತಾಳೆಯದೇ. ಒಣಗಿದ ಹುರಿಯನ್ನು ಸುತ್ತಿ, ಕಾಲು ಕೊಟ್ಟು ಎಳೆದು, ಗಂಟು ಹಾಕಿ, ಮೇಲೆ ಒಂದು ತಂಬಿಗೆ ನೀರು ಚೆಲ್ಲಬೇಕು. ನೀರು ಕುಡಿದ ಹುರಿ ಉಬ್ಬುತ್ತದೆ, ಗಿಡ್ಡವಾಗುತ್ತದೆ, ಬೇಲಿನ ಮೈಯೊಳಕ್ಕೆ ಇಳಿದು ಕೂರುತ್ತದೆ. ಆಮೇಲೆ ಅದನ್ನು ಬಿಚ್ಚುವ ಮಾತೇ ಇಲ್ಲ, ಕೊಯ್ಯಬೇಕು. ಶೆಡ್ಡಿನ ಹೆಂಗಸರಿಗೆ ಇದು ಒಲೆ ಹಚ್ಚಿದಷ್ಟು ರೂಢಿ. ಅವರಲ್ಲೂ ಸಿಕುದಾನಿ ಹಾಕಿದ ಗಂಟು ಯಾವುದೆಂದು ಬಂದರಿನ ಹಮಾಲರು ಬೆರಳಿಟ್ಟು ತೋರಿಸುತ್ತಿದ್ದರು.

ಆ ಬೆಳಿಗ್ಗೆ ಸೊಟ್ಟಗೆ ಪೇರಿಸಿದ್ದ ಅಟ್ಟಿಯಿಂದ ಒಂದು ಬೇಲು ಜಾರಿತು. ಕೆಳಗೆ ಇನ್ನೂ ಬಿಗಿಯದ ಮೆತ್ತನೆಯ ನಾರು, ಅದರ ಮೇಲೆ ಅವಳ ಕೈ, ಕೈಯ ಮೇಲೆ ಮೂರಾಳು ತೂಕದ ಬೇಲು. ಕೆಳಗೆ ಮೆತ್ತಗಿದ್ದುದರಿಂದ ಮೂಳೆ ಮುರಿಯಲಿಲ್ಲ, ಚರ್ಮವೂ ಹರಿಯಲಿಲ್ಲ. ಕೈ ಮಾತ್ರ ಅಲ್ಲೇ ಉಳಿಯಿತು.

ಪಕ್ಕದವಳು ಕತ್ತಿ ಎತ್ತಿಕೊಂಡು ಓಡಿ ಬಂದಳು. ಹುರಿ ಕೊಯ್ದರೆ ಬೇಲು ಬಿರಿದು ಹಗುರವಾಗುತ್ತದೆ, ಕೈ ಎಳೆದುಕೊಳ್ಳಬಹುದು. ಒಂದೇ ಏಟಿನ ಕೆಲಸ. ಚಾಂಬೋ ಅವಳ ರಟ್ಟೆ ಹಿಡಿದ.

"ಸಂಜೆಗೆ ಹಡಗಿನ ಸಾಹುಕಾರರು ನೋಡೋಕೆ ಬರ್ತಾರೆ. ಅವರಿಗೇನು ಬೇಲಿನ ಬಿರಿದ ಹೊಟ್ಟೆ ತೋರಿಸ್ಲಾ? ಹಾರೆ ತರಿಸ್ತೀನಿ, ಸುಮ್ನಿರಿ."

ಹಾರೆ ಉಗ್ರಾಣದಲ್ಲಿತ್ತು. ಉಗ್ರಾಣಕ್ಕೆ ಬೀಗ. ಬೀಗದ ಕೈ ಇದ್ದವನು ಎಲ್ಲೋ ಚಹಾ ಕುಡಿಯುತ್ತಿದ್ದ.

ಅಷ್ಟರಲ್ಲಿ ಬೀ ಸೆಮೇನಿ ಬಂದಳು. ಆಯುಷ್ಯವೆಲ್ಲ ಅದೇ ಶೆಡ್ಡಿನಲ್ಲಿ ಬೇಲು ಬಿಗಿದು, ಬೆನ್ನು ಬಾಗಿದ ಮೇಲೆ ಗೇಟಿನ ಹತ್ತಿರ ಕರಿದ ಬನ್ನು ಮಾರಿಕೊಂಡು ಕೂತಿದ್ದ ಮುದುಕಿ. ಕೂಲಿಯವರ ಸಾಲುಮನೆಗಳ ಹೆಣ್ಣುಮಕ್ಕಳು ಮೈನೆರೆದಾಗ ಒಳಮನೆಯಲ್ಲಿ ಕೂರಿಸಿಕೊಂಡು ಹೆಂಗಸಾಗುವುದನ್ನು ಕಲಿಸುವವಳೂ ಅವಳೇ. ಸಿಕುದಾನಿಗೂ ಅವಳೇ ಕಲಿಸಿದ್ದು. ಕಲಿಸಿದ್ದರಲ್ಲಿ ಮೊದಲನೆಯದು, ನೋವಿಗೆ ಬಾಯಿ ತೆರೆಯಬಾರದು. ಹೆರುವಾಗಲೂ ಕೂಡದು, ಹೊಡೆಸಿಕೊಳ್ಳುವಾಗಲೂ ಕೂಡದು.

"ತುಟಿ ಕಚ್ಚು ಮಗಳೇ," ಎಂದು ಬೀ ಸೆಮೇನಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಈ ಗಂಡಸರಿಗೆ ನಿನ್ನ ದನಿ ಕೇಳಿಸಬೇಡ."

ಸಿಕುದಾನಿ ತುಟಿ ಕಚ್ಚಿದಳು. ಹಾರೆ ಬಂತು. ಬೇಲು ಎತ್ತಿದರು. ಬೇಲಿಗೆ ಏನೂ ಆಗಿರಲಿಲ್ಲ.

ಎಸ್ಟೇಟಿನ ಔಷಧಾಲಯದ ಕಾಂಪೌಂಡರ್ ಎಲಿಫಾಸ್ ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಸ್ವಲ್ಪ ಕೆಂಪು, ಸ್ವಲ್ಪ ಊತ, ಬೇಲಿನ ಹುರಿ ಒತ್ತಿದ ಬರೆ.

"ಮುರಿದಿಲ್ಲ, ಹರಿದಿಲ್ಲ. ಅದೃಷ್ಟ ಮಾಡಿದೀಯ ಬಿಡು." ಎರಡು ಬಿಳಿ ಮಾತ್ರೆ ಕೊಟ್ಟ.

"ಆಸ್ಪತ್ರೆಗೆ ಕಳ್ಸಪ್ಪಾ," ಎಂದಳು ಬೀ ಸೆಮೇನಿ.

"ರಕ್ತ ಬರದ ಗಾಯಕ್ಕೆ ಜೀಪಿಲ್ಲ ಅಜ್ಜಿ. ರೂಲು. ನಂದಲ್ಲ, ಮ್ಯಾನೇಜರ್‌ದು."

"ಒಂದು ಪಟ್ಟಿಯಾದ್ರೂ ಕಟ್ಟು."

ಎಲಿಫಾಸ್ ಬೀರುವಿನ ಬಾಗಿಲು ತೆರೆದು ತೋರಿಸಿದ. ಒಳಗೆ ಒಂದು ಜಿರಳೆ ಇತ್ತು. ಪಟ್ಟಿ ಇರಲಿಲ್ಲ.

ಔಷಧಾಲಯದಲ್ಲಿ ಇಲ್ಲದ್ದನ್ನು ಸಾಲುಮನೆಯಲ್ಲಿ ಹೊಂದಿಸಿಕೊಂಡರು. ಅಲ್ಲಿ ಯಾವಾಗಲೂ ಹಾಗೆಯೇ. ಬೀ ಸೆಮೇನಿ ಕತ್ತಾಳೆಯ ಒಣ ಹೂದಂಡನ್ನು ಸೀಳಿ ಚಕ್ಕೆ ಮಾಡಿದಳು. ಕೈಯ ಎರಡು ಕಡೆಗೂ ಇಟ್ಟಳು. ಒಣ ಹುರಿಯಿಂದ ಮಣಿಕಟ್ಟಿನಿಂದ ಬೆರಳಿನ ಬುಡದವರೆಗೆ ಸುತ್ತಿದಳು. ಗಂಟು ಹಾಕಿದಳು. ಊತ ಇಳಿಯಲಿ ಎಂದು ಮೇಲೆ ತಣ್ಣೀರು ಹೊಯ್ದಳು.

ನೆರೆಹೊರೆಯ ಹೆಂಗಸರೂ ಕೈಬಿಡಲಿಲ್ಲ. ಯಾರು ಬಂದರೂ ಒಂದು ಚೊಂಬು ನೀರು. "ಪಾಪ, ಉರೀತಿರಬೇಕು," ಎಂದು ಒಂದು ಚೊಂಬು. "ನನ್ನ ಗಡಿಗೇದು ಇನ್ನೂ ತಣ್ಣಗಿದೆ," ಎಂದು ಇನ್ನೊಂದು. ದಿನಾ ಬೆಳಗಾದರೆ ಹುರಿಗೆ ನೀರು ಚೆಲ್ಲಿ ಬೇಲು ಬಿಗಿಯುವ ಕೈಗಳು ಅವು. ಹುರಿ ನೀರು ಕುಡಿದರೆ ಏನು ಮಾಡುತ್ತದೆಂದು ಆ ಕೈಗಳಿಗೆ ಗೊತ್ತಿತ್ತು. ಆದರೆ ಬೇಲಿನ ಹುರಿ ಶೆಡ್ಡಿನ ಸಂಗತಿ, ಇದು ಮನೆಯ ಆರೈಕೆ. ಎರಡನ್ನೂ ಕೂಡಿಸಿ ನೋಡಲು ಯಾರಿಗೂ ತೋಚಲಿಲ್ಲ.

ಸಿಕುದಾನಿಗೂ ತೋಚಲಿಲ್ಲ. ಮೊದಲು ಕೈ ಜುಮ್ಮೆಂದಿತು. ಆಮೇಲೆ ಬೆರಳ ತುದಿಗಳು ಯಾರದೋ ಬೆರಳುಗಳಂತೆ ದೂರವಾದವು. ಆಮೇಲೆ ನೋವು ಬಂತು. ಬೇಲಿನ ಕೆಳಗೆ ಇದ್ದಾಗಿನ ನೋವು ಇದರ ಮುಂದೆ ಯಾವ ಲೆಕ್ಕಕ್ಕೂ ಇಲ್ಲ. ಇದು ಹೊರಗಿನಿಂದ ಬಂದದ್ದಲ್ಲ. ಅಂಗೈಯೊಳಗೆ ಯಾರನ್ನೋ ಕೂಡಿಹಾಕಿ ಬಾಗಿಲು ಜಡಿದ ಹಾಗೆ, ಅವರು ಒಳಗಿನಿಂದ ತಲೆ ಚಚ್ಚಿಕೊಳ್ಳುತ್ತಿರುವ ಹಾಗೆ. ಬೆರಳುಗಳು ತಾವಾಗಿ ಅರ್ಧ ಮಡಿಸಿಕೊಂಡು ನಿಂತವು. ಬಿಡಿಸಲು ಹೋದರೆ ಕಣ್ಣು ಕತ್ತಲೆ ಬಂತು. ಅವಳು ಮೈಗೆ ಸುತ್ತಿದ್ದ ಕಾಂಗಾ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಹಲ್ಲಿನ ನಡುವೆ ಬಟ್ಟೆ ಹರಿಯಿತು.

ಮಧ್ಯಾಹ್ನ ಅವಳನ್ನು ನಡೆಸಿಕೊಂಡು ಮತ್ತೆ ಗೇಟಿನ ಬಳಿಯ ಔಷಧಾಲಯಕ್ಕೆ ಬಂದರು. ಮರದ ನೆರಳಲ್ಲಿ ಜೀಪು ತೊಳೆದು ನಿಲ್ಲಿಸಿತ್ತು, ಸಾಹುಕಾರರನ್ನು ಕರೆತರಲು. ಎಲಿಫಾಸ್ ಹುರಿಯ ಸಂದಿಯಲ್ಲಿ ಬೆರಳು ತೂರಿಸಿ ನಾಡಿ ಹಿಡಿದ.

"ನಾಡಿ ಕುದುರೆ ಹಂಗೆ ಓಡ್ತಿದೆ. ಏನಾಗಿದೆ ಇವಳಿಗೆ?"

"ಏನಾಗಿದೆ ಅಂತ ನಾನು ಹೇಳ್ತೀನಿ," ಎಂದ ಚಾಂಬೋ, ಕಡ್ಡಿಯಿಂದ ಹಲ್ಲು ಕುಕ್ಕಿಕೊಳ್ಳುತ್ತ. "ರಜಾ ಬೇಕಾಗಿದೆ. ನಿಜವಾಗ್ಲೂ ನೋವಿದ್ರೆ ಹೀಗೆ ಗೊಂಬೆ ಥರ ನಿಂತಿರ್ತಾಳಾ? ನೋವಿದ್ದೋರು ಕಿರುಚ್ತಾರಮ್ಮಾ. ಒಂದು ಹನಿ ರಕ್ತ ತೋರ್ಸು, ಜೀಪು ತೋರಿಸ್ತೀನಿ."

ಸಿಕುದಾನಿ ಅವನ ಹಲ್ಲುಗಳನ್ನೇ ನೋಡಿದಳು. ನೋವಿದ್ದವರು ಕಿರುಚುತ್ತಾರೆ! ಕಿರುಚಬೇಡ ಎಂದು ಪಕ್ಕದಲ್ಲಿ ನಿಂತ ಈ ಮುದುಕಿ ಕಲಿಸಿದಳು, ಕಿರುಚಲಿಲ್ಲವಲ್ಲ ಎಂದು ಇವನು ನಗುತ್ತಾನೆ. ಈ ಇಬ್ಬರ ನಡುವೆ ತನ್ನ ಕೈ ಸಾಯುತ್ತಿದೆ. ಅವಳಿಗೆ ಸಿಟ್ಟು ಬಂತು. ಆ ಸಿಟ್ಟು ನೋವಿಗಿಂತ ದೊಡ್ಡದಾಗಿತ್ತು.

ಆ ಸೀಮೆಯಲ್ಲಿ ಹೆಂಗಸಿನ ಕೂಗಿಗೆ ಒಂದು ಕಟ್ಟಳೆ ಇದೆ. ಕಳ್ಳ ನುಗ್ಗಿದರೆ, ಬೆಂಕಿ ಬಿದ್ದರೆ, ಸಾವಾದರೆ ಹೆಂಗಸು ನಾಲಿಗೆ ಎತ್ತಿ ಕೂಗು ಹಾಕುತ್ತಾಳೆ. ಕಿವಿಗೆ ಬಿದ್ದವರೆಲ್ಲ ಕೈಯ ಕೆಲಸ ಬಿಟ್ಟು ಓಡಿ ಬರಲೇಬೇಕು. ಬಂದವರು "ಯಾರು?" ಎಂದು ಕೇಳುತ್ತಾರೆ. ಕೂಗಿದವಳು ಬೆರಳು ಮಾಡಿ ತೋರಿಸಬೇಕು. ಊರಿನ ಕೂಗು ಅದು. ತನ್ನ ಮೈನೋವಿಗೆ ಅದನ್ನು ಬಳಸಿದವಳು ಯಾರೂ ಇರಲಿಲ್ಲ.

ಸಿಕುದಾನಿ ಬಾಯಿ ತೆರೆದಳು.

ಅರ್ಧ ಕೂಗು ಹೊರಬಿದ್ದಿತ್ತಷ್ಟೆ. ಎಣ್ಣೆಯ ವಾಸನೆಯ ಒಂದು ಅಂಗೈ ಅವಳ ಬಾಯಿ ಮುಚ್ಚಿತು. "ಏಯ್! ಹುಚ್ಚು ಹಿಡೀತಾ? ನಾಚಿಕೆಗೆಟ್ಟವಳೇ!" ಬೀ ಸೆಮೇನಿ ಅವಳ ಕಿವಿಯಲ್ಲಿ ಬುಸುಗುಟ್ಟಿದಳು.

ಸಿಕುದಾನಿ ಆ ಅಂಗೈಯನ್ನು ಕಚ್ಚಿದಳು. ರಕ್ತ ಬರುವ ಹಾಗೆ ಕಚ್ಚಿದಳು.

"ಅಯ್ಯಯ್ಯೋ!" ಮುದುಕಿ ಕೈ ಕಿತ್ತುಕೊಂಡು ಗಾಯ ನೋಡಿಕೊಂಡಳು, ಆಮೇಲೆ ಸಿಕುದಾನಿಯ ಮುಖ ನೋಡಿದಳು. ತಾನು ಕಲಿಸಿದ ಹುಡುಗಿಯರಲ್ಲೆಲ್ಲ ಗಟ್ಟಿಗಿತ್ತಿ ಇವಳು. ಇವಳೇ ಕಚ್ಚಿದಳೆಂದರೆ! ಮುದುಕಿಯ ಕಣ್ಣು ಅಲ್ಲಿಂದ ಜಾರಿ ಕೈಯ ಮೇಲೆ ಬಿತ್ತು. ಹುರಿ ಕಾಣುತ್ತಿರಲಿಲ್ಲ. ಉಬ್ಬಿದ ಮಾಂಸದೊಳಗೆ ಹೂತುಹೋಗಿತ್ತು, ಚೆನ್ನಾಗಿ ಬಿಗಿದ ಬೇಲಿನಲ್ಲಿ ಹೂತುಹೋಗುವ ಹಾಗೆಯೇ.

ಬನ್ನು ಕೊಯ್ಯುವ ಚಾಕು ಅವಳ ಸೊಂಟದಲ್ಲೇ ಇತ್ತು. ಹುರಿಯನ್ನು ಒಂದೊಂದೇ ಸುತ್ತು ಕೊಯ್ದಳು. ಚಕ್ಕೆಗಳು ಕೆಳಗೆ ಬಿದ್ದವು. ಊತ ಇಳಿಯಲಿಲ್ಲ. ಅಂಗೈ ಮರದ ತುಂಡಿನಂತೆ ಗಟ್ಟಿಯಾಗಿ, ಹೊಳೆಯುತ್ತ, ಹಾಗೇ ನಿಂತಿತ್ತು.

ಆಗ ಬೀ ಸೆಮೇನಿ ತಲೆಯ ಬಟ್ಟೆ ಕಿತ್ತೆಸೆದು ತಾನೇ ಕೂಗು ಹಾಕಿದಳು.

ಬಾಗಿದ ಬೆನ್ನಿನಿಂದ ಅಷ್ಟು ದನಿ ಎಲ್ಲಿಂದ ಬಂತೋ! ನಾರು ಒಣಗಿಸುವ ಕಂಬಿಗಳ ಹತ್ತಿರದ ಹೆಂಗಸರು ತಲೆ ಎತ್ತಿದರು. ಎಲೆ ಕೊಯ್ಯುವ ಗಂಡಸರು ಕತ್ತಿ ಹಿಡಿದೇ ಓಡಿ ಬಂದರು. ಸುಲಿಯುವ ಯಂತ್ರದ ಗರಗರ ನಿಂತಿತು. ಗೇಟಿನ ಮುಂದೆ ಜನ ಕಿಕ್ಕಿರಿದರು.

"ಯಾರು? ಯಾರು?"

ತೋರಿಸಬೇಕಾದವಳು ಸಿಕುದಾನಿ. ತೋರಿಸುವ ಕೈ ಮೇಲೇಳಲಿಲ್ಲ. ಬೀ ಸೆಮೇನಿ ತನ್ನ ಎದೆಯನ್ನೇ ಗುದ್ದಿಕೊಂಡಳು. "ನಾನು! ಹುರಿ ಕಟ್ಟಿದ್ದು ನಾನು, ನೀರು ಹೊಯ್ದಿದ್ದು ನಾನು! ನನ್ನನ್ನ ಆಮೇಲೆ ಕೊಲ್ಲಿ, ಮೊದಲು ಇವಳನ್ನ ಆಸ್ಪತ್ರೆಗೆ ಹಾಕಿ!"

ಅಷ್ಟು ಕತ್ತಿಗಳನ್ನು ಒಟ್ಟಿಗೆ ಕಂಡ ಚಾಂಬೋಗೆ ಜೀಪಿನ ರೂಲು ನೆನಪಾಗಲಿಲ್ಲ.

ಜಿಲ್ಲಾ ಆಸ್ಪತ್ರೆಯ ಡಾಕ್ಟರ್ ಕಿಸಾ ದಪ್ಪ ಹೆಂಗಸು. ಮೆದು ಮಾತು ಅವಳಿಗೆ ಬಾರದು. ಕೈ ನೋಡಿದವಳೇ, "ಯಾವಾಗ ಆಯ್ತು?" ಎಂದಳು.

"ಬೆಳಿಗ್ಗೆ," ಎಂದಳು ಬೀ ಸೆಮೇನಿ.

"ಈಗ ಹೊತ್ತು ಮುಳುಗ್ತಾ ಬಂತು. ಇಲ್ಲೀವರೆಗೂ ಏನ್ ಮಾಡ್ತಿದ್ರಿ, ಮದುವೆ ಊಟಾನಾ?"

ಮಡಿಸಿಕೊಂಡು ನಿಂತಿದ್ದ ನಡುಬೆರಳನ್ನು ಡಾಕ್ಟರ್ ಕೂದಲೆಳೆಯಷ್ಟು ಬಿಡಿಸಿದಳು. ಸಿಕುದಾನಿಯ ಬೆನ್ನು ಮಂಚದಿಂದ ಮೇಲೆದ್ದಿತು.

"ಎಕ್ಸ್‌ರೇಲಿ ಮೂಳೆಗೇನೂ ಆಗಿಲ್ಲ ಡಾಕ್ಟ್ರೇ, ನಾಡೀನೂ ಇದೆ," ಎಂದ ಜೀಪಿನಲ್ಲಿ ಜೊತೆಗೆ ಬಂದು, ಅಲ್ಲಿ ಆಗಷ್ಟೇ ತೆಗೆದ ಚಿತ್ರ ಹಿಡಿದು ನಿಂತಿದ್ದ ಎಲಿಫಾಸ್.

"ಅದು ನಿಲ್ಲಲಿ ಅಂತ ಕಾಯ್ತಿದ್ಯೇನಯ್ಯಾ? ನಾಡಿ ಕೊನೇಗೆ ಹೋಗೋದು. ಅಷ್ಟೊತ್ತಿಗೆ ಕೈ ಯಾವತ್ತೋ ಹೋಗಿರುತ್ತೆ." ಡಾಕ್ಟರ್ ಸಿಕುದಾನಿಯ ಕಡೆ ತಿರುಗಿದಳು. "ಕೇಳು ತಂಗಿ. ಕೈಯೊಳಗೆ ಮಾಂಸ ಗೂಡು ಗೂಡಾಗಿ ಇರುತ್ತೆ. ಒಂದೊಂದು ಗೂಡಿಗೂ ಒಂದು ಪೊರೆ, ಹಿಗ್ಗದ ಪೊರೆ. ಜಜ್ಜಿದ ಮಾಂಸ ಒಳಗೇ ಊದಿಕೊಂಡಿದೆ, ಜಾಗ ಇಲ್ಲ. ರಕ್ತ ಒಳಗೆ ಹೋಗ್ತಿಲ್ಲ, ಮಾಂಸಕ್ಕೆ ಉಸಿರು ಕಟ್ಟಿದೆ. ಈಗಲೇ ಎಲ್ಲ ಗೂಡೂ ಸೀಳಬೇಕು. ಕಾದು ನೋಡೋಣ ಅನ್ನೋ ಹೊತ್ತು ಮುಗೀತು."

"ಕೈ ತೆಗೆದುಬಿಡ್ತೀರಾ?"

"ತೆಗೆಯೋಕಲ್ಲ, ಉಳಿಸೋಕೆ ಕೊಯ್ತೀನಿ. ಹೊಲಿಗೆ ಹಾಕಲ್ಲ, ಹಾಗೇ ಬಿಟ್ಟಿರ್ತೀನಿ. ನೋಡೋಕೆ ಭಯ ಆಗುತ್ತೆ. ಎಷ್ಟು ಉಳಿಯುತ್ತೋ ಅದು ನನ್ನ ಕೈಲಿಲ್ಲ."

"ಕೊಯ್ಯಿ," ಎಂದಳು ಸಿಕುದಾನಿ.

ಕಂಕುಳಲ್ಲಿ ಸೂಜಿ ಚುಚ್ಚಿ ತೋಳನ್ನು ಮರಗಟ್ಟಿಸಿದರು. ಅಂಥ ನೋವು ದೀಪ ಆರಿದ ಹಾಗೆ ಆರಿಹೋಯಿತು. ಸಿಕುದಾನಿ ಎಚ್ಚರವಾಗಿಯೇ ಇದ್ದಳು. "ಆ ಕಡೆ ತಿರುಗು," ಎಂದರು. ತಿರುಗಲಿಲ್ಲ. ನನ್ನ ಕೈ, ನಾನು ನೋಡುತ್ತೇನೆ.

ಅಂಗೈಯ ಹಿಂಬದಿಯಲ್ಲಿ ಎರಡು ಉದ್ದದ ಕೊಯ್ತ. ಹೆಬ್ಬೆರಳಿನ ಬುಡದಲ್ಲಿ ಒಂದು. ಕಿರುಬೆರಳಿನ ಅಂಚಿನಲ್ಲಿ ಒಂದು. ಅಂಗೈಯ ನಡುವಿನಿಂದ ಮಣಿಕಟ್ಟಿನವರೆಗೆ ಮತ್ತೊಂದು. ಚರ್ಮದ ಕೆಳಗಿನ ಬಿಳಿಯ ಪೊರೆಗೆ ಚಾಕು ತಾಗುತ್ತಲೇ ಮಾಂಸ ಹೊರಕ್ಕೆ ಚಿಮ್ಮಿತು, ಹುರಿ ಕೊಯ್ದ ಬೇಲಿನಿಂದ ನಾರು ಚಿಮ್ಮುವ ಹಾಗೆ. ಮಾಸಲು ಬಣ್ಣದ ಮಾಂಸ. ಡಾಕ್ಟರ್ ಕಾದಳು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಹೊದಿಸಿ ಮತ್ತೆ ಕಾದಳು. ಬಟ್ಟೆ ತೆಗೆದಾಗ ಹೆಬ್ಬೆರಳಿನ ಕಡೆ ಕೆಂಪು ಮೂಡಿತ್ತು. ನಡುವೆಯೂ ಮೂಡಿತ್ತು. ಕಿರುಬೆರಳಿನ ಕಡೆ ಮಾತ್ರ ಹಾಗೇ ಬೂದಿಯ ಬಣ್ಣ.

ಬೇಲಿಗೆ ಬೀಳಬೇಕಾಗಿದ್ದ ಕತ್ತಿ ಇದು, ಎಂದುಕೊಂಡಳು ಸಿಕುದಾನಿ. ಬೇಲನ್ನು ಉಳಿಸಿಕೊಂಡರು, ಕತ್ತಿ ನನ್ನ ಕೈಗೆ ಬಿತ್ತು.

ಎರಡು ದಿನ ಬಿಟ್ಟು ಮತ್ತೆ ಒಳಗೆ ಕರೆದೊಯ್ದು ಸತ್ತ ಮಾಂಸವನ್ನು ತೆಗೆದರು. ಕಿರುಬೆರಳೂ ಅದರ ಪಕ್ಕದ್ದೂ ಇನ್ನು ಬಾಗುವುದಿಲ್ಲ ಎಂದಳು ಡಾಕ್ಟರ್. "ಉಳಿದ ಮೂರು ನಿನ್ನವೇ. ಆದ್ರೆ ಸುಮ್ನೆ ಬಿಟ್ರೆ ಅವೂ ಸೆಟೆದುಕೊಳ್ತವೆ. ಅಳು, ಬಯ್ಯಿ, ಏನಾದ್ರೂ ಮಾಡು, ಬೆರಳು ಆಡಿಸು." ಆ ಎರಡು ಬೆರಳಿಲ್ಲದೆ ಹುರಿಯನ್ನು ಬಿಗಿಹಿಡಿದು ಎಳೆಯಲಾಗದು. ಹಮಾಲರು ಬೆರಳಿಟ್ಟು ತೋರಿಸುತ್ತಿದ್ದ ಗಂಟು ಅಲ್ಲಿಗೆ ಮುಗಿಯಿತು. ಉಳಿದ ಮೂರಂತೂ ಆಡುತ್ತಿರಲಿಲ್ಲ. ಎಷ್ಟು ಹಲ್ಲು ಕಚ್ಚಿದರೂ ತೋರುಬೆರಳು ನಡುಗುತ್ತಿತ್ತೇ ಹೊರತು ಚಾಚುತ್ತಿರಲಿಲ್ಲ.

ಬೀ ಸೆಮೇನಿ ಮಂಚದ ಬುಡದಲ್ಲೇ ಬೀಡುಬಿಟ್ಟಿದ್ದಳು. ಮೆಕ್ಕೆಜೋಳದ ಮುದ್ದೆಯನ್ನು ಸೊಪ್ಪಿನ ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದಳು. ಸಿಕುದಾನಿ ಮುಖ ಆ ಕಡೆ ಮಾಡಿಕೊಂಡು ನುಂಗುತ್ತಿದ್ದಳು.   ಮುದುಕಿಯ ಅಂಗೈಯಲ್ಲಿ ಹಲ್ಲಿನ ಗುರುತು ಕಪ್ಪಗಾಗಿತ್ತು.

ಒಂದು ಬೆಳಿಗ್ಗೆ ನರ್ಸಮ್ಮ ಪಟ್ಟಿ ಬಿಚ್ಚಲು ಕೂತಿದ್ದಾಗ ಮ್ಯಾನೇಜರ್ ಲುಹಂಗಾ ಕಿತ್ತಳೆಹಣ್ಣಿನ ಬುಟ್ಟಿ ಹಿಡಿದು ಬಂದ. ಹಿಂದೆ ಚಾಂಬೋ.

"ಹೇಗಿದೀಯ ತಾಯಿ? ಕಂಪನಿಯೋರೆಲ್ಲ ನಿನ್ನ ಬಗ್ಗೇನೇ ಮಾತಾಡ್ತಿದೀವಿ." ಬುಟ್ಟಿಯನ್ನು ಮಂಚದ ಮೇಲಿಟ್ಟ. "ನಾಳೆ ಕಾರ್ಮಿಕ ಇಲಾಖೆಯೋರು ವಿಚಾರಣೆಗೆ ಬರ್ತಾರೆ. ಹೆದರ್ಬೇಡ. ಇದ್ದಿದ್ದು ಇದ್ದಹಾಗೆ ಹೇಳು. ಬೇಲು ಬಿದ್ದು ಒಂದು ಮೂಳೆನೂ ಮುರಿದಿಲ್ಲ, ಎಕ್ಸ್‌ರೇ ಇದೆ. ಕೈ ಕೆಟ್ಟಿದ್ದು ಈ ಅಜ್ಜಿ ಹುರಿಯಿಂದ. ಅವರೇ ಎದೆ ಬಡ್ಕೊಂಡು ಒಪ್ಪಿದಾರೆ, ಎಸ್ಟೇಟೇ ಕೇಳಿದೆ. ನೀನೂ ಅಷ್ಟು ಹೇಳಿದ್ರೆ ಆಯ್ತು. ನಿನಗೆ ಕೂತು ಮಾಡೋ ಕೆಲಸ ನೋಡಿದೀನಿ."

ಬೀ ಸೆಮೇನಿ ನೆಲ ನೋಡುತ್ತ, "ಹೇಳು ಮಗಳೇ. ನಿಜ ತಾನೆ," ಎಂದಳು.

ನಿಜವೇ. ಅದು ಸಿಕುದಾನಿಗೂ ಗೊತ್ತಿತ್ತು. ಈ ಮುದುಕಿಯ ಮೇಲೆ ಅವಳಿಗೆ ಎಷ್ಟು ಸಿಟ್ಟಿತ್ತೆಂದರೆ, ರಾತ್ರಿಯೆಲ್ಲ ಮನಸ್ಸಿನಲ್ಲೇ ಆ ಅಂಗೈಯನ್ನು ಮತ್ತೆ ಮತ್ತೆ ಕಚ್ಚಿದ್ದಳು. ಆದರೆ ಆ ಸಿಟ್ಟು ಅವಳ ಸ್ವಂತದ್ದು. ಅದನ್ನೂ ಈ ಮನುಷ್ಯ ಬೇಲು ಕಟ್ಟಿ ಹಡಗಿಗೆ ಹಾಕಲು ಬಂದಿದ್ದಾನಲ್ಲ!

"ಹುರಿ ಕಟ್ಟಿದ್ದು ಇವಳೇ," ಎಂದಳು. "ನಾಳೆನೂ ಹೇಳ್ತೀನಿ, ಮುಚ್ಚಿಡಲ್ಲ. ಇವಳು ಯಾಕೆ ಕಟ್ಟಿದಳು ಅಂತಾನೂ ಹೇಳ್ತೀನಿ. ನಿಮ್ಮ ಬೀರುವಿನಲ್ಲಿ ಜಿರಳೆ ಇತ್ತು, ಪಟ್ಟಿ ಇರಲಿಲ್ಲ. ಬೇಲು ಕೊಯ್ಯಬೇಡಿ ಅಂದೋನು ನಿಮ್ಮ ಹಿಂದೆ ನಿಂತಿದಾನೆ. ರಕ್ತ ತೋರ್ಸು ಅಂದೋನೂ ಅವನೇ. ಆ ರೂಲು ಮಾಡಿದ್ದು ನೀವು. ಇವಳು ಪ್ರೀತಿಯಿಂದ ತಪ್ಪು ಮಾಡಿದಳು. ನೀವು ಏನಿಂದ ಮಾಡಿದ್ರಿ?"

"ನೋಡಮ್ಮಾ, ಹೀಗೆಲ್ಲ ಮಾತಾಡಿದ್ರೆ..." ಲುಹಂಗಾ ಎದ್ದ. ನರ್ಸಮ್ಮ ಪಟ್ಟಿಯ ಕೊನೆಯ ಸುತ್ತು ಬಿಚ್ಚಿದ್ದಳು. ಐದು ಕಡೆ ಬಾಯಿ ತೆರೆದ ಕೈ ಬೆಳಕಿಗೆ ಬಂತು. ಅವನು ಮುಖ ತಿರುಗಿಸಿದ. "ನಾನು ಆಚೆ ಇರ್ತೀನಿ."

"ಇಲ್ಲೇ ಇರಿ," ಎಂದಳು ಸಿಕುದಾನಿ. "ರಕ್ತ ಕೇಳಿದ್ರಲ್ಲ, ನೋಡಿ."

ಅಂಟಿಕೊಂಡಿದ್ದ ಬಟ್ಟೆಯನ್ನು ನರ್ಸಮ್ಮ ಎಳೆದಳು. ಸಿಕುದಾನಿಯ ತುಟಿ ಅಭ್ಯಾಸದಂತೆ ಹಲ್ಲಿನ ನಡುವೆ ಹೋಯಿತು. ಅವಳು ಅದನ್ನು ಹಲ್ಲಿನಿಂದ ಬಿಡಿಸಿದಳು. ಬಾಯಿ ತೆರೆದಳು. ನಾಲಿಗೆ ಎತ್ತಿದಳು.

ಕೂಗು ವಾರ್ಡಿನ ಚಾವಣಿಗೆ ಬಡಿದು ಅಂಗಳಕ್ಕೆ ಹಾರಿತು. ಚಾಂಬೋ ಕಿವಿ ಮುಚ್ಚಿಕೊಂಡ. ಬೀ ಸೆಮೇನಿಯ ಕೈ ಸಿಕುದಾನಿಯ ಬಾಯಿಯ ಕಡೆ ಎದ್ದಿತು, ಅರ್ಧ ದಾರಿಯಲ್ಲಿ ನಿಂತಿತು, ಅವಳ ಬೆನ್ನಿಗೆ ಹೋಯಿತು.

"ಇನ್ನೂ ಜೋರಾಗಿ," ಎಂದಳು ಮುದುಕಿ.

ಅಂಗಳದಲ್ಲಿ ಗಂಜಿ ಕಾಯಿಸುತ್ತಿದ್ದವರು ಸೌಟು ಹಿಡಿದೇ ಬಂದರು. ಹೆರಿಗೆ ವಾರ್ಡಿನ ಹೆಂಗಸರು ಕೂಸುಗಳನ್ನು ಕಂಕುಳಲ್ಲಿ ಅವುಚಿಕೊಂಡು ಬಂದರು. ಊರುಗೋಲಿನವರು ಕುಂಟುತ್ತ ಬಂದರು. ಬಾಗಿಲು ತುಂಬಿತು, ಕಿಟಕಿ ತುಂಬಿತು. ಹೊರಗೆ ಹೋಗಲು ನೋಡಿದ ಲುಹಂಗಾನಿಗೆ ದಾರಿ ಸಿಗಲಿಲ್ಲ.

"ಯಾರು?" ಎಂದು ಜನ ಕೇಳಿದರು. "ಯಾರು?"

ಸಿಕುದಾನಿ ಬಲಗೈಯನ್ನು ದಿಂಬಿನಿಂದ ಎತ್ತಿದಳು. ಕೊಯ್ತಗಳು ಉರಿದವು. ಎರಡು ಬೆರಳು ಸತ್ತ ಹಾಗೆ ಜೋತುಬಿದ್ದವು. ತೋರುಬೆರಳು ನಡುಗಿತು, ನಡುಗಿತು, ತುಸುವೇ ಚಾಚಿ ಅರ್ಧಕ್ಕೆ ನಿಂತಿತು.

ದಾರಿ ಸಿಗದೆ ನಿಂತಿದ್ದ ಲುಹಂಗಾನ ಕಡೆಗೆ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಕಂಡಿತು.